ಎಡಗೈಯ ಇಸ್ತ್ರಿಪೆಟ್ಟಿಗೆ

ಬಂದ್ಯೋಡಿನಲ್ಲಿ ಹೊಸ ಹೈವೇಯ ಗೋಡೆ ಎದ್ದ ಮೇಲೆ ಪುರಂದರನ ಗುಜರಿ ಅಂಗಡಿ ಸರ್ವಿಸ್ ರೋಡಿನ ಹಿಂದೆ ಅಡಗಿಹೋಗಿದೆ. ಹುಡುಕಿಕೊಂಡು ಬರುವವರಿಗೆ ನಾನು ಹೇಳುವ ಗುರುತು ಒಂದೇ. ತಗಡಿನ ಮಾಡಿನ ಕೆಳಗೆ ಹತ್ತಿಪ್ಪತ್ತು ಹಳೆಯ ಇಸ್ತ್ರಿಪೆಟ್ಟಿಗೆಗಳನ್ನು ಸಾಲಾಗಿ ಇಟ್ಟುಕೊಂಡು, ಒಂದನ್ನೂ ಮಾರದೆ ಕೂತಿರುವ ಮನುಷ್ಯ ಯಾರೋ ಅವನೇ ಪುರಂದರ. ಗುಜರಿಯವನಾಗಿ ಮಾರದೆ ಕೂರುವುದು ಎಂತಹ ವ್ಯಾಪಾರ ಎಂದು ನಾನು ಅವನನ್ನು ಎಷ್ಟೋ ಸಲ ಬೈದಿದ್ದೇನೆ. ಬೈಯುವ ಹಕ್ಕು ನನಗೆ ಉಂಟು. ಒಂದನೇ ಕ್ಲಾಸಿನಿಂದ ಏಳನೆಯವರೆಗೆ ಒಂದೇ ಬೆಂಚಿನಲ್ಲಿ ಕೂತವರು ನಾವು. ಆಮೇಲೆ ನಾನು ಓದಿ ಕನ್ನಡ ಮಾಷ್ಟ್ರಾದೆ, ಅವನು ಓದು ಬಿಟ್ಟು ಗುಜರಿ ಹಿಡಿದ. ಈಗ ನನಗೆ ಪೆನ್ಶನ್, ಅವನಿಗೆ ಮೊಣಕಾಲು ನೋವು. ಸಂಜೆ ಇಬ್ಬರೂ ಅಂಗಡಿಯ ಎದುರು ಯಾರೋ ಹಾಕಿಹೋದ ಮುರುಕು ಕುರ್ಚಿಗಳಲ್ಲಿ ಕೂತು ಚಾ ಕುಡಿಯುತ್ತೇವೆ.

ಅಂಗಡಿಗೆ ಹಳೆಯ ಇಸ್ತ್ರಿಪೆಟ್ಟಿಗೆ ಬಂದರೆ ಅವನು ಮೊದಲು ತಕ್ಕಡಿಯ ಕಡೆ ಹೋಗುವುದಿಲ್ಲ. ಮುಚ್ಚಳ ಎತ್ತುತ್ತಾನೆ, ಒಳಗೆ ಕೈ ಹಾಕುತ್ತಾನೆ, ಯಾವ ಕಾಲದ್ದೋ ಬೂದಿಯಲ್ಲಿ ಬೆರಳಾಡಿಸಿ ಹಿಂಬದಿಯ ತಗಡನ್ನು ಒಳಗಿನಿಂದ ತಡವುತ್ತಾನೆ. ಮುಖ ಸಣ್ಣ ಮಾಡಿ ಕೈ ಹೊರಗೆ ತೆಗೆಯುತ್ತಾನೆ. ಆಮೇಲೆ ಅದನ್ನು ಒಯ್ದು ಸಾಲಿನಲ್ಲಿ ಇಡುತ್ತಾನೆ. ಅವನು ಹುಡುಕುತ್ತಿದ್ದದ್ದು ತಾಮ್ರದ ಮೂರು ಮೊಳೆಗಳನ್ನು. ನಲವತ್ತು ವರ್ಷ ಅವನ ಬಲಗೈಯ ಉಗುರುಗಳಲ್ಲಿ ಮಸಿ ಹೋದದ್ದನ್ನು ನಾನು ನೋಡಿಲ್ಲ.

ಆ ಮೂರು ಮೊಳೆ ಹೊಡೆಸಿದವನು ಅವನ ಅಪ್ಪ ಚೆನ್ನಯ್ಯ. ಈಗ ಹೈವೇಯ ಸೇತುವೆ ಇಳಿಯುವ ಜಾಗದಲ್ಲಿ ಆಗ ಮುಳಿಹುಲ್ಲು ಹೊದಿಸಿದ ಒಂದು ಗೂಡಂಗಡಿ ಇತ್ತು. ಅದರಲ್ಲಿ ಚೆನ್ನಯ್ಯ ಇಸ್ತ್ರಿ ಹಾಕುತ್ತಿದ್ದ. ಹಿತ್ತಾಳೆಯ ದೊಡ್ಡ ಪೆಟ್ಟಿಗೆ, ಒಳಗೆ ತೆಂಗಿನ ಗೆರಟೆಯ ಕೆಂಡ, ಮೇಲೆ ಹಲಸಿನ ಮರದ ಹಿಡಿ. ಹಿಂಬದಿಯ ತಗಡು ಬಿರುಕು ಬಿಟ್ಟಾಗ ಒಳಗಿನಿಂದ ತೇಪೆ ಹಾಕಿಸಿ ಮೂರು ತಾಮ್ರದ ಮೊಳೆ ಹೊಡೆಸಿದ್ದ. ನಾವಿಬ್ಬರೂ ಮೂರನೇ ಕ್ಲಾಸಿನಲ್ಲಿದ್ದಾಗ ಚೆನ್ನಯ್ಯ ಜ್ವರ ಬಂದು ಒಂದು ವಾರದಲ್ಲಿ ತೀರಿಕೊಂಡ. ಹದಿಮೂರನೇ ದಿನದ ಊಟ ಮುಗಿದ ಮಾರನೆಯ ಬೆಳಿಗ್ಗೆ ಅವನ ಹೆಂಡತಿ ರಾಜೀವಿಯಕ್ಕ ಗೂಡಂಗಡಿಯ ತಟ್ಟಿ ತೆಗೆದು ಗೆರಟೆಗೆ ಬೆಂಕಿ ಹಾಕಿದಳು. ಆಗ ಅವಳಿಗೆ ಮೂವತ್ತು ತುಂಬಿತ್ತೋ ಇಲ್ಲವೋ.

ರಾಜೀವಿಯಕ್ಕನ ಇಸ್ತ್ರಿಗೆ ಹೆಸರಿತ್ತು. ಪೆಟ್ಟಿಗೆಯನ್ನು ಎರಡು ಸಲ ಹಿಂದೆಮುಂದೆ ಬೀಸಿದರೆ ಕೆಂಡ ಕೆಂಪಾಗುತ್ತಿತ್ತು. ಮೊದಲು ಒಂದು ತುಂಡು ಬಾಳೆಲೆಯ ಮೇಲೆ ಎಳೆದು ತಳ ನಯ ಮಾಡಿಕೊಂಡೇ ಬಟ್ಟೆಗೆ ತಾಗಿಸುವುದು. ಬಸ್ಸಿನ ಕಂಡಕ್ಟರರ ಖಾಕಿ, ನಮ್ಮ ಹೆಡ್‌ಮಾಷ್ಟ್ರ ಜುಬ್ಬ, ಎಲ್ಲ ಅವಳ ಮೇಜಿಗೆ ಬರುತ್ತಿತ್ತು. ಮೊದಲ ಸಲ ಗಲ್ಫಿಗೆ ಹೊರಟವರು ಬೊಂಬಾಯಿ ಬಸ್ಸು ಹತ್ತುವ ಮುಂಚೆ ಹೊಸ ಪ್ಯಾಂಟು ತಂದು, ‘ರಾಜೀವಿಯಕ್ಕ, ಗೆರೆ ದುಬಾಯಿ ಮುಟ್ಟುವವರೆಗೆ ನಿಲ್ಲಬೇಕು’ ಎನ್ನುತ್ತಿದ್ದರು. ‘ನೀನು ದಾರಿಯಲ್ಲಿ ಕೂರದಿದ್ರೆ ನಿಲ್ತದೆ’ ಎನ್ನುತ್ತಿದ್ದಳು ಅವಳು. ಮಾತು ಚುರುಕು, ಕೈ ಅದಕ್ಕಿಂತ ಚುರುಕು. ಅವಳು ಎಡಗೈಯಲ್ಲಿ ಇಸ್ತ್ರಿ ಹಾಕುತ್ತಿದ್ದಳು. ಎಡಚಿ ಇರಬೇಕು ಅಂದುಕೊಂಡು ಊರೇ ಸುಮ್ಮನಿತ್ತು.

ಪುರಂದರನಿಗೆ ಇಪ್ಪತ್ತಾದಾಗ ಅವನು ಉಪ್ಪಳದ ಒಬ್ಬ ದೊಡ್ಡ ಗುಜರಿ ವ್ಯಾಪಾರಿಯ ಹತ್ತಿರ ಕೆಲಸಕ್ಕೆ ಸೇರಿದ್ದ. ಅಮ್ಮನ ಮೊಣಕೈವರೆಗೆ ಸುಟ್ಟ ಕಲೆಗಳು. ಕೆಂಡದ ಹೊಗೆಗೆ ಕೆಮ್ಮು ಬೇರೆ ಹಿಡಿದಿತ್ತು. ಮೊದಲ ಸಂಬಳದಲ್ಲಿ ಅವನು ಮಂಗಳೂರಿಗೆ ಹೋಗಿ ಕರೆಂಟಿನ ಇಸ್ತ್ರಿಪೆಟ್ಟಿಗೆ ತಂದ. ತಂದದ್ದನ್ನು ಮೊದಲು ತೋರಿಸಿದ್ದು ನನಗೆ.

‘ಹಳೇದನ್ನು ಎಂತ ಮಾಡುದು?’ ಎಂದು ಕೇಳಿದ.

‘ಗುಜರಿ ಲಾರಿಗೆ ಹಾಕು ಮಾರಾಯ. ಇದ್ರೆ ನಿನ್ನ ಅಮ್ಮ ಅದನ್ನೇ ಎತ್ತಿಕೊಳ್ತಾರೆ.’

‘ಅಮ್ಮನ ಹತ್ರ ಒಂದು ಮಾತು ಕೇಳ್ಲಾ?’

‘ಕೇಳಿದ್ರೆ ಬೇಡ ಅಂತಾರೆ. ಹೇಳದೆ ಮಾಡು. ಬಂದು ನೋಡುವಾಗ ಖುಷಿಯಾಗ್ತದೆ.’

ಇದು ನಾನು ಹೇಳಿದ ಮಾತು. ಇಪ್ಪತ್ತನೇ ವಯಸ್ಸಿಗೆ ನನಗೆ ಬುದ್ಧಿ ಇರಲಿಲ್ಲ ಎಂದು ಈಗ ಹೇಳಿ ಪಾರಾಗಬಹುದು. ಆದರೆ ಆಗ ನಾನು ಟೀಚರ್ ಟ್ರೈನಿಂಗ್ ಮಾಡುತ್ತಿದ್ದೆ, ಬುದ್ಧಿ ಇಲ್ಲ ಎಂದು ಯಾರಾದರೂ ಅಂದಿದ್ದರೆ ಜಗಳಕ್ಕೆ ಹೋಗುತ್ತಿದ್ದೆ.

ರಾಜೀವಿಯಕ್ಕ ಕುಂಜತ್ತೂರಿನ ತವರಿಗೆ ಹೋಗಿದ್ದ ದಿನ ಪುರಂದರ ಕೆಲಸ ಮುಗಿಸಿದ. ಗುಜರಿಯ ಒಂದು ಕ್ರಮ ಉಂಟು. ಲೋಹ ಕೊಳ್ಳುವವರು ಮರಕ್ಕೆ ತೂಕ ಕೊಡುವುದಿಲ್ಲ, ಮರ ಇದ್ದರೆ ಬಡಿದು ತೆಗೆದೇ ತಕ್ಕಡಿಗೆ ಹಾಕಬೇಕು. ಹೊಸದಾಗಿ ಕೆಲಸ ಕಲಿತವನ ಹುರುಪಿನಲ್ಲಿ ಅವನು ಗೂಡಂಗಡಿಯ ಎದುರೇ ಪೆಟ್ಟಿಗೆಯನ್ನು ಕಲ್ಲಿನ ಮೇಲಿಟ್ಟು, ಸುತ್ತಿಗೆಯ ಎರಡು ಏಟಿಗೆ ಹಿಡಿಯನ್ನು ಕಳಚಿ, ಸೌದೆಯ ಕಡೆಗೆ ಎಸೆದ. ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದೆ. ಹಿತ್ತಾಳೆ ಆ ಮಧ್ಯಾಹ್ನವೇ ಲಾರಿ ಹತ್ತಿತು.

ಸಂಜೆ ಬಸ್ಸಿಳಿದು ಬಂದ ರಾಜೀವಿಯಕ್ಕ ಮೇಜಿನ ಮೇಲಿದ್ದ ಹೊಸ ಪೆಟ್ಟಿಗೆ ನೋಡಿದಳು. ಮಗನನ್ನು ನೋಡಿದಳು. ಅವನು ಹಲ್ಲು ಕಿಸಿದು ನಿಂತಿದ್ದ. ‘ಹಳೇದು?’ ಎಂದಳು. ‘ಕೊಟ್ಟಾಯ್ತು’ ಎಂದ. ‘ಹೌದಾ’ ಎಂದಳು. ಅಷ್ಟೇ. ಸೌದೆಯ ರಾಶಿಯ ಹತ್ತಿರ ಹೋಗಿ, ಕೆದಕಿ, ಹಿಡಿಯನ್ನು ಹೆಕ್ಕಿ, ಸೆರಗಿನಲ್ಲಿ ಒರೆಸಿ ಒಳಗೆ ಒಯ್ದಳು. ಮರುದಿನ ಇಸ್ತ್ರಿಗೆ ಬಂದ ಬಟ್ಟೆಗಳನ್ನೆಲ್ಲ ಮಡಿಸಿದ್ದು ಮಡಿಸಿದ ಹಾಗೆ ವಾಪಸು ಕೊಟ್ಟಳು. ಆಮೇಲೆ ಅವಳು ಬೀಡಿ ಕಟ್ಟಿದಳು, ಇಪ್ಪತ್ತೈದು ವರ್ಷ. ಕರೆಂಟಿನ ಪೆಟ್ಟಿಗೆ ಪುನಃ ಅದರ ರಟ್ಟಿನ ಡಬ್ಬಿ ಸೇರಿ ಅಲ್ಲೇ ಉಳಿಯಿತು.

ಮಗನಿಗೆ ಅವಳು ಬೈಯಲಿಲ್ಲ. ಬೈದಿದ್ದರೆ ಆ ವಿಷಯ ಅಲ್ಲಿಗೆ ಮುಗಿಯುತ್ತಿತ್ತೋ ಏನೋ. ಅನ್ನ ಬಡಿಸಿದಳು, ಮದುವೆ ಮಾಡಿದಳು, ಮೊಮ್ಮಕ್ಕಳನ್ನು ಎತ್ತಿ ಆಡಿಸಿದಳು, ಎಲ್ಲ ಸರಿಯಾಗಿಯೇ ಇತ್ತು. ಆದರೆ ರಾತ್ರಿ ಹಾಸಿಗೆ ಬಿಡಿಸುವಾಗ ಅಮ್ಮನ ದಿಂಬಿನ ಬದಿಯಲ್ಲಿ ಆ ಮರದ ತುಂಡು ಕಾಣುತ್ತಿತ್ತು ಎಂದು ಪುರಂದರ ನನಗೆ ಒಮ್ಮೆ ಹೇಳಿದ. ಸ್ವಂತ ಅಂಗಡಿ ಹಾಕಿದ ದಿನದಿಂದ ಅವನಿಗೆ ಇದ್ದದ್ದು ಒಂದೇ ಆಸೆ. ಆ ಪೆಟ್ಟಿಗೆ ಕರಗಿಹೋಗಿರದಿದ್ದರೆ, ಎಲ್ಲಾದರೂ ಇದ್ದರೆ, ಅಮ್ಮ ಕಣ್ಣು ಮುಚ್ಚುವ ಮುಂಚೆ ಅದನ್ನು ಅವಳ ಕೈಗೆ ತಂದು ಕೊಡಬೇಕು. ಹುಡುಕುತ್ತಿದ್ದೇನೆ ಎಂದು ಅವಳಿಗೆ ಅವನು ಹೇಳಲೇ ಇಲ್ಲ. ಸಿಗದೆ ಹೋದರೆ ಎರಡನೇ ಸಲ ಕಳೆದ ಹಾಗೆ ಆಗುತ್ತದೆ ಎಂದು ಅವನ ಹೆದರಿಕೆ.

‘ಅದು ಎಂದೋ ಕರಗಿ ಯಾರದ್ದೋ ಮನೆಯ ನಲ್ಲಿ ಆಗಿರ್ತದೆ’ ಎಂದು ನಾನು ಹೇಳಿದಾಗಲೆಲ್ಲ, ‘ಆಗಿರ್ಲಿ. ನಿಂಗೆ ಎಂತ?’ ಎನ್ನುತ್ತಿದ್ದ.

ಕಳೆದ ಡಿಸೆಂಬರಿನಲ್ಲಿ ಶಿರಿಯ ಹೊಳೆಯ ಬದಿಯಲ್ಲಿ ವಿಷ್ಣುಪ್ರಸಾದ ಎಂಬವರು ಹೋಂಸ್ಟೇ ಸುರುಮಾಡಿದರು. ಹಳೆಯ ಸಾಮಾನು ಇಟ್ಟು ಚಂದ ಮಾಡಬೇಕೆಂದು ಪುರಂದರನನ್ನು ಕರೆಸಿದರು. ನಾನೂ ಆಟೋದಲ್ಲಿ ಜೊತೆಗೆ ಹೋದೆ, ಮೀನೂಟ ಸಿಗಬಹುದು ಎಂಬ ಆಸೆಯಿಂದ. ಜಗಲಿ ಹತ್ತಿದರೆ ಕಿಟಕಿಯ ಕಟ್ಟೆಯ ಮೇಲೆ ಒಂದು ಹಿತ್ತಾಳೆಯ ಇಸ್ತ್ರಿಪೆಟ್ಟಿಗೆ. ಮುಚ್ಚಳ ತೆರೆದು ಅದರಲ್ಲಿ ಪ್ಲಾಸ್ಟಿಕ್ ಹೂ ಸಿಕ್ಕಿಸಿದ್ದರು. ಕೆಂಡ ಹಾಕುವ ಬಾಯಿಗೆ ಪ್ಲಾಸ್ಟಿಕ್ ಹೂ ತುರುಕಿದವರ ಮೇಲೆ ನನಗೆ ಸಿಟ್ಟು ಬಂತು. ಪುರಂದರ ಮಾತ್ರ ಯಾವಾಗಿನಂತೆ ಹೂ ಬದಿಗಿಟ್ಟು ಒಳಗೆ ಕೈ ಹಾಕಿದ. ಕೈ ಅಲ್ಲೇ ನಿಂತಿತು. ಹೊರಗೆ ಬರಲಿಲ್ಲ.

‘ಶಂಕರಾ’ ಎಂದ. ನನ್ನ ಕೈಯನ್ನು ಹಿಡಿದು ಒಳಗೆ ಎಳೆದ. ನನ್ನ ಬೆರಳಿಗೂ ತಾಗಿತು, ಒಂದು, ಎರಡು, ಮೂರು.

ವಿಷ್ಣುಪ್ರಸಾದರು ಒಳ್ಳೆಯ ಮನುಷ್ಯ. ಕಥೆ ಕೇಳಿ ಕೂತುಬಿಟ್ಟರು. ‘ಅಪ್ಪ ಯಾರೋ ಲಾರಿ ಡ್ರೈವರನಿಂದ ತೆಗೊಂಡದ್ದಂತೆ. ಹಿಡಿ ಇರ್ಲಿಲ್ಲ, ಆಚಾರಿಯಿಂದ ಮಾಡಿಸಿದ್ದು’ ಎಂದರು. ಪುರಂದರ ಕೈ ಮುಗಿದು, ಎಷ್ಟಾದರೂ ಕೊಡುತ್ತೇನೆ, ಇದು ನನಗೆ ಬೇಕು ಎಂದ. ಅವರು ಪೆಟ್ಟಿಗೆಯ ಮುಚ್ಚಳದ ಮೇಲೆ ಕೈ ಇಟ್ಟರು.

‘ಪುರಂದರಣ್ಣ, ನನ್ನ ಅಮ್ಮ ಇದ್ರಲ್ಲೇ ನನ್ನ ಶಾಲೆಯ ಅಂಗಿಗೆ ಇಸ್ತ್ರಿ ಹಾಕ್ತಿದ್ದದ್ದು. ಅಮ್ಮ ಹೋಗಿ ಆರು ವರ್ಷ ಆಯ್ತು. ಅವರದ್ದು ಅಂತ ಈ ಮನೆಯಲ್ಲಿ ಉಳಿದದ್ದು ಇದೊಂದೇ. ಮಾರ್ಲಿಕ್ಕೆ ಹೇಳ್ಬೇಡಿ. ನಿಮ್ಮ ಅಮ್ಮನಿಗೆ ಕೊಂಡೋಗಿ ತೋರಿಸಿ, ಎರಡು ದಿನ ಇಟ್ಕೊಳ್ಳಿ. ಮತ್ತೆ ತಂದುಕೊಡಿ.’

ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಪುರಂದರ ಆಟೋದಲ್ಲಿ ಕೂತ. ಮೀನೂಟದ ಸುದ್ದಿಯನ್ನು ನಾನೂ ಎತ್ತಲಿಲ್ಲ.

ರಾಜೀವಿಯಕ್ಕನಿಗೆ ಈಗ ಎಂಬತ್ತೆರಡು. ಕಿವಿ ಚುರುಕು, ಕಣ್ಣು ಪರವಾಗಿಲ್ಲ, ಕಾಲಿಗೆ ಮಾತ್ರ ಬಲವಿಲ್ಲ. ಚಾವಡಿಯ ಮಂಚದಲ್ಲಿ ಕೂತು ಬಸಳೆ ಸೋಸುತ್ತಿದ್ದಳು. ಅಮ್ಮ ಮಗ ಮಾತಾಡುವುದು ತುಳುವಿನಲ್ಲಿ, ನನ್ನ ಕನ್ನಡದಲ್ಲಿ ಅದರ ಖಾರ ಸ್ವಲ್ಪ ಕಮ್ಮಿಯಾಗಿರಬಹುದು. ಪುರಂದರ ಪೆಟ್ಟಿಗೆಯನ್ನು ಅವಳ ಎದುರು ಇಟ್ಟ. ಅವಳು ಮುಚ್ಚಳ ಎತ್ತಿದಳು. ಮಗ ಮಾಡುವ ಹಾಗೆಯೇ ಒಳಗೆ ಕೈ ಹಾಕಿದಳು. ನಾನು ಅವಳ ಮುಖ ನೋಡುತ್ತಿದ್ದೆ. ಕಣ್ಣಿನಿಂದ ನೀರು ಇಳಿದು ಗಲ್ಲದ ತುದಿಗೆ ಬಂದರೂ ಒರೆಸಲಿಲ್ಲ.

‘ಆ ಹಿಡಿ ತೆಗೆ. ಬಣ್ಣದ್ದು’ ಎಂದಳು.

ಆಚಾರಿಯ ಪಾಲಿಶ್ ಹಿಡಿಯನ್ನು ಪುರಂದರ ಸ್ಕ್ರೂ ತಿರುಗಿಸಿ ತೆಗೆದ. ಅವಳು ದಿಂಬಿನ ಬದಿಯಿಂದ ಹಳೆಯ ಹಲಸಿನ ಹಿಡಿ ತಂದುಕೊಡು ಎಂದಳು. ನಾನು ಅದನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅಂದೇ. ಬಲ ಮಗ್ಗುಲಿನಲ್ಲಿ ಒಂದು ಗುಳಿ. ಹೆಬ್ಬೆರಳು ಕೂರುವಷ್ಟು. ಎಡಗೈಯಲ್ಲಿ ಹಿಡಿದರೆ ಮಾತ್ರ ಹೆಬ್ಬೆರಳು ಸರಿಯಾಗಿ ಅಲ್ಲಿಗೆ ಬರುತ್ತದೆ.

‘ಅವರು, ಇವನ ಅಪ್ಪ, ಎಡಚರು’ ಎಂದಳು ರಾಜೀವಿಯಕ್ಕ ನನ್ನ ಕಡೆ ನೋಡಿ. ‘ನಾನಲ್ಲ ಮಾಷ್ಟ್ರೆ. ನಾನು ಅನ್ನ ಉಂಡದ್ದು, ಬೀಡಿ ಕಟ್ಟಿದ್ದು ಎಲ್ಲ ಬಲಗೈಯಲ್ಲೇ. ಇಸ್ತ್ರಿಗೆ ಮಾತ್ರ ಎಡಗೈ ಕಲಿತೆ. ಬಲಗೈಯಲ್ಲಿ ಹಿಡಿದ್ರೆ ಅವರ ಬೆರಳು ಸಿಗ್ತಿರ್ಲಿಲ್ಲ. ಎಡಗೈಯಲ್ಲಿ ಹಿಡಿದ್ರೆ ಸಿಗ್ತಿತ್ತು.’

ಎಪ್ಪತ್ತರ ದಶಕದಿಂದ ಆ ಗೂಡಂಗಡಿಯ ಎದುರು ನಿಂತು, ಎಡಗೈಯ ಇಸ್ತ್ರಿ ನೋಡಿ, ಒಬ್ಬನೂ ಯಾಕೆ ಎಂದು ಕೇಳಿರಲಿಲ್ಲ. ಮಗನೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ನನಗೆ ನಾಚಿಕೆಯಾಯಿತು.

ಪುರಂದರ ಹಳೆಯ ಹಿಡಿಯನ್ನು ಕೂರಿಸಲು ನೋಡಿದ. ಒಣಗಿ ಒಣಗಿ ಮರ ಸಣ್ಣದಾಗಿತ್ತು, ತೂತು ದೊಡ್ಡದಾಗಿತ್ತು. ಸ್ಕ್ರೂ ಹಿಡಿಯಲಿಲ್ಲ. ಅಡ್ಡಕ್ಕೆ ಕಡ್ಡಿ ತುರುಕಿ ಹೇಗೋ ನಿಲ್ಲಿಸಿದ. ಅವಳು ಎಡಗೈಯಲ್ಲಿ ಹಿಡಿದು ಎತ್ತಿದಳು. ಎರಡು ಬೆರಳಷ್ಟು ಎದ್ದಿತೋ ಇಲ್ಲವೋ, ಹಿಡಿ ಕೈಯಲ್ಲೇ ಉಳಿದು ಪೆಟ್ಟಿಗೆ ಧಡ್ಡೆಂದು ಮಂಚಕ್ಕೆ ಬಿತ್ತು. ಬಸಳೆ ಎಲ್ಲ ಚೆಲ್ಲಾಪಿಲ್ಲಿಯಾಯಿತು.

‘ಬೇರೆ ಹಿಡಿ ಮಾಡಿಸ್ತೇನೆ ಅಮ್ಮ. ಅದೇ ಅಳತೆಯದ್ದು. ಹಾಗೆಯೇ ಗುಳಿ ಮಾಡಿಸ್ತೇನೆ’ ಎಂದ ಪುರಂದರ. ‘ನಾನು ಮಾಡಿದ್ದು ತಪ್ಪು. ಪೆಟ್ಟಿಗೆ ನಿನಗೆ ಇಷ್ಟು ಬೇಕು ಅಂತ ನಂಗೆ ಗೊತ್ತಿರ್ಲಿಲ್ಲ.’

‘ಪೆಟ್ಟಿಗೆ ಕೊಟ್ಟದ್ದಕ್ಕೆ ನಂಗೆ ಬೇಜಾರಿಲ್ಲ’ ಎಂದಳು ಅವಳು. ‘ನಂಗೂ ಸೊಂಟ ಬಿದ್ದುಹೋಗ್ತಿತ್ತು ಅದನ್ನು ಎತ್ತಿ ಎತ್ತಿ. ನೀನು ಕೇಳ್ಬೇಕಿತ್ತು. ಅಮ್ಮ, ಇದನ್ನು ಕೊಂಡೋಗ್ಲಾ ಅಂತ ಒಂದು ಮಾತು. ಕೇಳಿದ್ರೆ ನಾನೇ ಕೊಡ್ತಿದ್ದೆ. ಒಂದು ದಿನ ತಡ ಮಾಡ್ತಿದ್ದೆ, ಅಷ್ಟೆ. ಒಂದು ದಿನ ಕೈಯಲ್ಲಿ ಹಿಡ್ಕೊಂಡು ಕೂತು, ಕೊಡ್ತಿದ್ದೆ.’

ನಾನು ತಡೆಯಲಾರದೆ, ಕೇಳಬೇಡ ಎಂದು ಅವನಿಗೆ ಹೇಳಿದ್ದು ನಾನು ಎಂದೆ.

‘ಅದು ನಿಮ್ಮ ತಲೆ ಅಂತ ನಂಗೆ ಅಂದೇ ಗೊತ್ತಾಗಿದೆ ಮಾಷ್ಟ್ರೆ. ಇವನಿಗೆ ಅಷ್ಟು ಬುದ್ಧಿ ಎಲ್ಲಿ ಉಂಟು?’ ಎಂದು ಬಸಳೆ ಹೆಕ್ಕತೊಡಗಿದಳು.

ಎರಡು ದಿನ ಕಳೆಯಿತು. ವಿಷ್ಣುಪ್ರಸಾದರಿಗೆ ಕೊಟ್ಟ ಮಾತು ಉಂಟು. ಮೂರನೆಯ ದಿನ ಸಂಜೆ ಪುರಂದರ ನನ್ನನ್ನು ಕರೆದುಕೊಂಡೇ ಮನೆಗೆ ಹೋದ, ಒಬ್ಬನೇ ಕೇಳಲು ಅವನಿಗೆ ಧೈರ್ಯ ಸಾಲಲಿಲ್ಲ. ಪೆಟ್ಟಿಗೆ ಯಾರದ್ದು, ಅವರ ಅಮ್ಮನ ವಿಷಯ ಏನು, ಎಲ್ಲ ಬಿಡಿಸಿ ಹೇಳಿದ. ಆಮೇಲೆ ಮಂಚದ ಎದುರು ನಿಂತು ಕೇಳಿದ.

‘ಅಮ್ಮ, ಇದನ್ನು ಕೊಂಡೋಗ್ಲಾ?’

ಅವಳು ಪೆಟ್ಟಿಗೆಯನ್ನು ನೋಡಿದಳು, ಅವನನ್ನು ನೋಡಿದಳು. ‘ಇವತ್ತು ಬೇಡ. ಹುಳಿ ಹಾಕಿ ತಿಕ್ಕಬೇಕು. ಮಸಿ ಹಿಡಿದದ್ದನ್ನು ಇನ್ನೊಬ್ಬರ ಮನೆಗೆ ಕಳಿಸುದಾ? ನಾಳೆ ಕೇಳು.’

ಮಾರನೆಯ ದಿನ ಕೇಳಿದ. ಗೆರಟೆಯ ಕೆಂಡ ಹಾಕಿ ಒಮ್ಮೆ ಬಿಸಿ ಮಾಡಿ ನೋಡಬೇಕಂತೆ. ಸೊಸೆ ಕೆಂಡ ಮಾಡಿಕೊಟ್ಟಳು. ಪಾಲಿಶ್ ಹಿಡಿಯನ್ನೇ ಮತ್ತೆ ಹಾಕಿದ್ದರು. ಎತ್ತಲು ಆಗದೆ, ಎರಡೂ ಕೈಯಲ್ಲಿ ದೂಡಿ ಬಾಳೆಲೆಯ ಮೇಲೆ ಒಂದು ಸಲ ಎಳೆದಳು. ಬಾಡಿದ ಎಲೆಯ ವಾಸನೆ ಚಾವಡಿ ತುಂಬಿತು. ‘ಅವರು ಬೆಳಿಗ್ಗೆ ಕೆಲಸ ಸುರುಮಾಡುವಾಗ ಹೀಗೇ ಪರಿಮಳ ಬರ್ತಿತ್ತು. ನಾನು ಒಳಗೆ ಚಾ ಇಡ್ತಿದ್ದೆ’ ಎಂದಳು. ಅದರ ಮರುದಿನ ಕೇಳಿದರೆ ಮಂಗಳವಾರ, ಕೊಡಬಾರದು. ಬುಧವಾರ ಕೇಳಿದರೆ ಅವಳಿಗೆ ನೆಗಡಿ.

ಹೀಗೆ ಮೂರು ವಾರ ಹೋಯಿತು. ವಿಷ್ಣುಪ್ರಸಾದರು ಒಂದು ಸಲ ಫೋನ್ ಮಾಡಿದರು. ಪುರಂದರ ಇದ್ದದ್ದನ್ನು ಇದ್ದ ಹಾಗೆ ಹೇಳಿದ, ಅಮ್ಮ ಇನ್ನೂ ಒಪ್ಪಿಲ್ಲ ಎಂದ. ‘ಕೇಳ್ತಾ ಇರಿ’ ಎಂದು ಅವರು ಫೋನ್ ಇಟ್ಟರು. ಇವನಿಗೆ ಈಗ ಅದೇ ನಿತ್ಯದ ಕೆಲಸ. ಅಂಗಡಿಯ ಬಾಗಿಲು ಬೇಗ ಎಳೆದು, ಮನೆಗೆ ಹೋಗಿ, ಕೈಕಾಲು ತೊಳೆದು, ಅಮ್ಮನ ಎದುರು ನಿಂತು ಕೇಳುವುದು. ಅವಳು ಒಂದು ನೆವ ಹೇಳುವುದು. ಆಮೇಲೆ ಇಬ್ಬರೂ ಕೂತು ಆ ಕಾಲದ ಒಂದೊಂದು ಮಾತು ಆಡುವುದು. ಅಪ್ಪನ ವಿಷಯ ಅವನಿಗೆ ಅರವತ್ತು ವರ್ಷದಲ್ಲಿ ಗೊತ್ತಾದದ್ದಕ್ಕಿಂತ ಹೆಚ್ಚು ಈ ಮೂರು ವಾರದಲ್ಲಿ ಗೊತ್ತಾಗಿದೆ. ನಾನು ಕುರ್ಚಿಯಲ್ಲಿ ಒಬ್ಬನೇ ಚಾ ಕುಡಿಯುವ ಹಾಗಾಯಿತು, ಅದರ ಬಗ್ಗೆ ನನಗೆ ಸ್ವಲ್ಪ ಅಸಮಾಧಾನವೂ ಉಂಟು.

ನಿನ್ನೆ ನಾನೂ ಹೋಗಿದ್ದೆ. ರಾಜೀವಿಯಕ್ಕ ಮಂಚದಲ್ಲಿ ಮಲಗಿದ್ದಳು. ಎರಡು ದಿನದಿಂದ ಊಟ ಸೇರುತ್ತಿಲ್ಲ ಎಂದು ಸೊಸೆ ಹೇಳಿದಳು. ಪೆಟ್ಟಿಗೆ ತಲೆದೆಸೆಯಲ್ಲಿ ಸ್ಟೂಲಿನ ಮೇಲಿತ್ತು, ಹುಳಿಯಲ್ಲಿ ತಿಕ್ಕಿ ತಿಕ್ಕಿ ಹೊಳೆಯುತ್ತಿತ್ತು. ಪುರಂದರ ಕೈಕಾಲು ತೊಳೆದು ಬಂದು ನಿಂತ.

‘ಅಮ್ಮ, ಇದನ್ನು ಕೊಂಡೋಗ್ಲಾ?’

ಅವಳು ಈ ಸಲ ಪೆಟ್ಟಿಗೆಯನ್ನು ನೋಡಲಿಲ್ಲ. ಅವನನ್ನೇ ನೋಡಿದಳು. ‘ಆಯ್ತು ಮಗಾ. ಕೊಂಡೋಗು. ಅವರಿಗೂ ಅದು ಅಮ್ಮನದ್ದಲ್ವಾ.’

ಪುರಂದರ ಸ್ಟೂಲಿನ ಹತ್ತಿರ ಹೋದ. ಹಿಡಿಯ ಮೇಲೆ ಕೈ ಇಟ್ಟ. ಅವನು ದಿನಾ ಎತ್ತುವ ತೂಕದ ಎದುರು ಅದು ಯಾವ ಲೆಕ್ಕ? ಎತ್ತಲಿಲ್ಲ. ನನ್ನ ಕಡೆ ತಿರುಗಿ ನೋಡಿದ, ನಾನು ನೆಲ ನೋಡಿದೆ. ಮತ್ತೆ ಬಂದು ಮಂಚದ ತುದಿಯಲ್ಲಿ ಕೂತು ಅವಳ ಪಾದದ ಮೇಲೆ ಹೊದಿಕೆ ಎಳೆದ.

‘ಇವತ್ತು ಆಟೋ ಇಲ್ಲ ಅಮ್ಮ. ನಾಳೆ ಕೊಂಡೋಗ್ತೇನೆ.’

‘ನಾಳೆ ಅಂದ್ರೆ ನಾಳೆ ಪುನಃ ಕೇಳ್ಬೇಕು’ ಎಂದಳು ಅವಳು, ಕಣ್ಣು ಮುಚ್ಚಿಕೊಂಡೇ.

‘ಕೇಳ್ತೇನೆ’ ಎಂದ ಪುರಂದರ.